ಇನ್ಶೂರೆನ್ಸ್ ನಿಂತುಹೋಗಿದೆ, ನನಗೀಗ 24 ವಾರ. ದಾರಿ ಗೊತ್ತಿದ್ದವರು ಹೇಳಿ

ಮಲ್ಲಿಗೆದಂಡೆ
2024 ಏಪ್ರಿಲ್ 16

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯುವುದು, ಅಳಿಸುವುದು ಇದೇ ಆಗಿದೆ. ಇವತ್ತು ಬರೆದೇ ಬಿಡುತ್ತೇನೆ.

ನಾವು ಟೆಕ್ಸಾಸ್‌ನಲ್ಲಿದ್ದೇವೆ. ನಮ್ಮನೆಯವರದು ಕೆಲಸದ ವೀಸಾ ಎಚ್-1ಬಿ, ನನ್ನದು ಹೆಂಡತಿ ಅಂತ ಸಿಗುವ ಎಚ್-4. ನನಗೆ ಕೆಲಸ ಮಾಡಲು ಅನುಮತಿ ಇಲ್ಲ. ಮಾರ್ಚ್ 14ಕ್ಕೆ ಇವರ ಕೆಲಸ ಹೋಯಿತು. ಇಡೀ ಟೀಮನ್ನೇ ತೆಗೆದರು. ಆಫೀಸಿನ ಇನ್ಶೂರೆನ್ಸ್ ಆ ತಿಂಗಳ ಕೊನೆವರೆಗೆ ಇತ್ತು, ಮಾರ್ಚ್ 31ಕ್ಕೆ ನಿಂತಿತು. ಆಗಸ್ಟ್ 6ಕ್ಕೆ ನನಗೆ ಹೆರಿಗೆ ಡೇಟ್ ಕೊಟ್ಟಿದ್ದಾರೆ.

ಇವರು ಬೆಳಿಗ್ಗೆಯಿಂದ ರಾತ್ರಿವರೆಗೆ ಇಂಟರ್‌ವ್ಯೂ ಅಂತ ಲ್ಯಾಪ್‌ಟಾಪ್ ಮುಂದೆಯೇ ಇರುತ್ತಾರೆ. ವೀಸಾದ 60 ದಿನದ ಗಡುವು ಮೇ 13ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ಚಿಂತೆಯಲ್ಲಿ ಇನ್ಶೂರೆನ್ಸ್ ಬಗ್ಗೆ ನಾವಿಬ್ಬರೂ ಬಾಯೇ ಬಿಡಲಿಲ್ಲ.

ಏಪ್ರಿಲ್ 8ರಂದು ಕ್ಲಿನಿಕ್‌ಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ತಗೊಂಡು ಕಂಪ್ಯೂಟರ್ ನೋಡಿದಳು. ಕಾರ್ಡ್ ತಿರುಗಿಸಿ ಹಿಂದಿನ ನಂಬರ್ ನೋಡಿದಳು. ಮತ್ತೆ ಕಂಪ್ಯೂಟರ್ ನೋಡಿದಳು. ಆಮೇಲೆ ದನಿ ತಗ್ಗಿಸಿ, ಇದು ನಡೆಯುತ್ತಿಲ್ಲ ಅಂದಳು. ಸ್ವಂತ ದುಡ್ಡಿನಲ್ಲಿ ಕಟ್ಟುತ್ತೇನೆ ಅಂತ ಸಹಿ ಮಾಡುವ ಹಾಳೆಯೊಂದನ್ನು ಕೊಟ್ಟಳು. ಮುಂಗಡ ಎಷ್ಟು ಅಂತ ಪೆನ್ನಿನಲ್ಲಿ ಬರೆದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ. ಡಾಕ್ಟರನ್ನು ನೋಡಲಿಲ್ಲ. ಮನೆಯಲ್ಲಿ ಇವರು ಕೇಳಿದಾಗ ಎಲ್ಲಾ ಚೆನ್ನಾಗಿದೆಯಂತೆ ಅಂದೆ.

ಏಪ್ರಿಲ್ 24ಕ್ಕೆ ಸಕ್ಕರೆ ಪರೀಕ್ಷೆ ಇತ್ತು. ನಿನ್ನೆ ಅದನ್ನೂ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿದೆ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅದು ನೆನಪಾದಾಗಲೆಲ್ಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತೇನೆ.

ಕೋಬ್ರಾ ಅಂತ ಒಂದಿದೆಯಂತೆ. ತಿಂಗಳಿಗೆ 1,900 ಡಾಲರ್ ಆಗಬಹುದು ಅಂತ ಇವರ ಗೆಳೆಯರು ಹೇಳಿದರು. ಅಷ್ಟು ನಮ್ಮ ಕೈಲಿ ಆಗದು. ಬಸುರಿಗೆ ಯಾರಾದರೂ ಹೊಸದಾಗಿ ಇನ್ಶೂರೆನ್ಸ್ ಕೊಡುತ್ತಾರಾ? ಕಮ್ಮಿ ಆದಾಯದವರಿಗೆ ಸರ್ಕಾರ ಕೊಡುವ ಮೆಡಿಕೇಡ್‌ಗೆ ಅರ್ಜಿ ಹಾಕಿದರೆ ಮುಂದೆ ಗ್ರೀನ್ ಕಾರ್ಡ್‌ಗೆ ತೊಂದರೆ ಆಗುತ್ತದಾ?

ತುಂಗಾತೀರ

ತಂಗಿ, ಮೊದಲು ಎರಡು ಕೆಲಸ ಮಾಡು. ಆ ಸಕ್ಕರೆ ಪರೀಕ್ಷೆಯ ದಿನವನ್ನು ವಾಪಸ್ ಕೇಳಿ ತಗೋ. ಇವತ್ತೇ. ದುಡ್ಡಿನ ಮಾತು ಆಮೇಲೆ. ಎರಡನೆಯದು, ನಿನ್ನ ಗಂಡನಿಗೆ ಹೇಳು. ಇಂಥದ್ದನ್ನು ಒಬ್ಬಳೇ ಹೊರಬಾರದಮ್ಮ.

ನಾನು 2009ರಲ್ಲಿ ಇದೇ ಜಾಗದಲ್ಲಿದ್ದೆ. ಆಗ ನಾವಾಗಿಯೇ ಇನ್ಶೂರೆನ್ಸ್ ಕೊಳ್ಳಲು ಹೋದರೆ ಬಸುರಿ ಅಂದ ತಕ್ಷಣ ಆಗುವುದಿಲ್ಲ ಅನ್ನುತ್ತಿದ್ದರು. ಮೂರು ಕಡೆ ನನಗೆ ಹಾಗೇ ಅಂದರು. ಈಗ ಹಾಗಿಲ್ಲ. 2014ರಿಂದ ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗಳು, ಅಂದರೆ ಸರ್ಕಾರದ ವೆಬ್‌ಸೈಟ್‌ನಲ್ಲಿ ನಾವೇ ಕೊಳ್ಳುವಂಥವು, ಬಸುರಿ ಅನ್ನುವ ಕಾರಣಕ್ಕೆ ಬೇಡ ಅನ್ನುವಂತಿಲ್ಲ, ಜಾಸ್ತಿ ಕೇಳುವಂತೆಯೂ ಇಲ್ಲ. ಹೆರಿಗೆ, ಎಳೆಮಗುವಿನ ಆರೈಕೆ ಎರಡೂ ಆ ಪ್ಲಾನ್‌ಗಳಲ್ಲಿ ಇರಲೇಬೇಕು. ನಿನ್ನ ಮೊದಲ ಪ್ರಶ್ನೆಗೆ ಉತ್ತರ, ಕೊಡುತ್ತಾರೆ. ಉಳಿದದ್ದನ್ನು ಗೊತ್ತಿರುವವರು ಹೇಳಲಿ. ಊಟ ಮಾಡಿದ್ಯಾ?

ಬೆಳ್ಳಕ್ಕಿ

ಇಷ್ಟೆಲ್ಲ ಒದ್ದಾಡುವ ಬದಲು ಊರಿಗೆ ಹೋಗಿ ಹೆರಿಗೆ ಮಾಡಿಸಿಕೊಂಡು ಬರುವುದು ಒಳ್ಳೆಯದಲ್ವಾ? ಅಮ್ಮನ ಮನೆ, ಬಾಣಂತನ, ಎಲ್ಲ ಸುಸೂತ್ರ.

ಸೂಜಿಮಲ್ಲೆ

ಬೆಳ್ಳಕ್ಕಿಯವರೇ, ಅದೂ ಒಂದು ದಾರಿಯೇ. ಆದರೆ ಸಾಮಾನ್ಯವಾಗಿ 28 ವಾರ ದಾಟಿದ ಮೇಲೆ ಏರ್‌ಲೈನ್‌ನವರು ಡಾಕ್ಟರ್ ಪತ್ರ ಕೇಳುತ್ತಾರೆ, 36 ವಾರದ ಹೊತ್ತಿಗೆ ಹತ್ತಿಸುವುದೇ ಇಲ್ಲ. ಇವರ ವೀಸಾ ಕಥೆ ಬೇರೆ ತೂಗಾಡುತ್ತಿದೆ. ಒಮ್ಮೆ ಹೋದರೆ ಗಂಡ ಇಲ್ಲಿ, ಹೆಂಡತಿ ಅಲ್ಲಿ ಆಗಬಹುದು. ಹೋಗುವುದಿದ್ದರೂ ಪರೀಕ್ಷೆ ಮುಗಿಸಿಕೊಂಡು ಹೋಗಲಿ.

ನಾನು ಹೆರಿಗೆ ವಾರ್ಡಿನ ನರ್ಸ್. ಮಲ್ಲಿಗೆದಂಡೆಯವರೇ, ಸಕ್ಕರೆ ಪರೀಕ್ಷೆಯನ್ನು 24ರಿಂದ 28ನೇ ವಾರದ ಒಳಗೆ ಮಾಡುವುದಕ್ಕೆ ಕಾರಣ ಇದೆ. ಬಸುರಿನ ಸಕ್ಕರೆ ಏರುವುದು ಆ ಹೊತ್ತಿಗೇ. ಏರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ, ನೋವಿಲ್ಲ, ತಲೆಸುತ್ತಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ನಿಮಗೆ ಸಾಧ್ಯತೆ ಜಾಸ್ತಿ. ಇದೊಂದನ್ನು ದಯವಿಟ್ಟು ಬಿಡಬೇಡಿ.

ಇನ್ನೊಂದು ಮಾತು, ರಾತ್ರಿ ನಿದ್ದೆ ಬರಲಿ ಅಂತ ಹೇಳುತ್ತಿದ್ದೇನೆ. ನೋವು ಬಂದೋ, ರಕ್ತ ಹೋಗಿಯೋ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದರೆ ಇನ್ಶೂರೆನ್ಸ್ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. 1986ರ ಕಾನೂನು ಅದು. ಹೆರಿಗೆ ನೋವು ಶುರುವಾಗಿದ್ದರೆ ಮಗು ಹುಟ್ಟಿ, ಮಾಸು ಬೀಳುವವರೆಗೂ ಅದು ಎಮರ್ಜೆನ್ಸಿಯೇ. ಬಿಲ್ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲು ತೆರೆದಿರುತ್ತದೆ. ಹಾಗಂತ ಅದನ್ನೇ ನೆಚ್ಚಿಕೊಂಡು ತಿಂಗಳ ಚೆಕಪ್ ಬಿಟ್ಟವರನ್ನು ನಾನು ನೋಡಿದ್ದೇನೆ. ಬಿಪಿ ಏರಿ ಬಂದಿರುತ್ತಾರೆ. ಬೇಡ.

ನಂದಿಬೆಟ್ಟ

ಅಪ್ಪ ಅಮ್ಮ ಬಂದಾಗ ಮಾಡಿಸುತ್ತೇವಲ್ಲ, ವಿಸಿಟರ್ ಇನ್ಶೂರೆನ್ಸ್, ಅದನ್ನು ಎರಡು ತಿಂಗಳಿಗೆ ತಗೊಂಡರೆ ಹೇಗೆ? ತುಂಬಾ ಅಗ್ಗ.

ಹೊಂಗೆನೆರಳು

ನಂದಿಬೆಟ್ಟ, ಬೇಡ. ಅದರಲ್ಲಿ ಬಸುರು, ಹೆರಿಗೆ ಸೇರುವುದಿಲ್ಲ. ಪಾಲಿಸಿ ಕಾಗದದ ಹೊರಗಿಟ್ಟವು ಅನ್ನುವ ಪಟ್ಟಿ ತೆಗೆದು ನೋಡಿ, ಮೇಲೆಯೇ ಇರುತ್ತದೆ. ಶಾರ್ಟ್ ಟರ್ಮ್ ಅಂತ ಮಾರುವವರದ್ದೂ ಹೆಚ್ಚು ಕಮ್ಮಿ ಅದೇ ಕಥೆ. 2014ರ ನಿಯಮ ಅವಕ್ಕೆ ತಗಲುವುದಿಲ್ಲ.

ನಾನು ಹನ್ನೊಂದು ವರ್ಷದಿಂದ ಕಂಪನಿಯೊಂದರ ಬೆನಿಫಿಟ್ಸ್ ವಿಭಾಗದಲ್ಲಿ ಇದ್ದೇನೆ. ದಿನವೂ ಇದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ಕೋಬ್ರಾ ಅಂದರೆ ಹೊಸ ಇನ್ಶೂರೆನ್ಸ್ ಅಲ್ಲ. ನಿಮ್ಮ ಹಳೇ ಪ್ಲಾನೇ ಮುಂದುವರಿಯುವುದು. ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಈಗ ನೀವೇ ಕಟ್ಟಬೇಕು, ಅದರ ಮೇಲೆ 2 ಪರ್ಸೆಂಟ್ ಖರ್ಚು ಹಾಕಬಹುದು. ಅದಕ್ಕೇ ದುಬಾರಿ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿಗೆ ಇದು ಅನ್ವಯ. ಲೇಆಫ್ ಆದರೆ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು.

ಜನಕ್ಕೆ ಗೊತ್ತಿಲ್ಲದ ವಿಷಯ ಈಗ ಬರುತ್ತದೆ. ಕೋಬ್ರಾ ಬೇಕು ಅಂತ ಹೇಳಲು ನಿಮಗೆ 60 ದಿನ ಇರುತ್ತದೆ. ಇನ್ಶೂರೆನ್ಸ್ ನಿಂತ ದಿನ, ಕೋಬ್ರಾ ತಗೋಬಹುದು ಅಂತ ನೋಟಿಸ್ ಕಳಿಸಿದ ದಿನ, ಎರಡರಲ್ಲಿ ಯಾವುದು ಆಮೇಲೆ ಬಂತೋ ಅಲ್ಲಿಂದ ಎಣಿಕೆ. ಬೇಕು ಅಂದ ಮೇಲೆ ಮೊದಲ ಕಂತು ಕಟ್ಟಲು ಇನ್ನೂ 45 ದಿನ. ಕಟ್ಟಿದ ಮೇಲೆ ಕವರ್ ಶುರುವಾಗುವುದು ಕಟ್ಟಿದ ದಿನದಿಂದ ಅಲ್ಲ, ಹಿಂದಕ್ಕೆ ಹೋಗಿ ಏಪ್ರಿಲ್ 1ರಿಂದ. ಅಂದರೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಬಿದ್ದಿರುವ ತೂತನ್ನು ಇವತ್ತಿಗೂ ಮುಚ್ಚಬಹುದು. ಏಪ್ರಿಲ್ 8ರಂದು ನೀವು ಡಾಕ್ಟರನ್ನು ನೋಡಿದ್ದರೆ ಆ ಬಿಲ್ ಕೂಡ ಸೇರುತ್ತಿತ್ತು.

ಮತ್ತೆ ಮುಖ್ಯವಾದದ್ದು. ನಿಮಗೆ, ನಿಮ್ಮನೆಯವರಿಗೆ ಬೇರೆ ಬೇರೆ ಹಕ್ಕಿದೆ. ಇಬ್ಬರೂ ತಗೋಬೇಕು ಅಂತೇನಿಲ್ಲ. ನಿಮ್ಮೊಬ್ಬರಿಗೇ ತಗೊಳ್ಳಬಹುದು, ಆಗ ಒಬ್ಬರ ರೇಟ್ ಅಷ್ಟೇ. ಗೆಳೆಯರು ಹೇಳಿದ್ದು ಬಹುಶಃ ಕುಟುಂಬದ ರೇಟ್. ನೋಟಿಸ್‌ನಲ್ಲಿ ಎರಡೂ ಬರೆದಿರುತ್ತದೆ. ನೋಟಿಸ್ ಬಂದಿದೆಯಾ? ಕಂಪನಿಗೆ 30 ದಿನ, ಅಲ್ಲಿಂದ ಪ್ಲಾನ್ ನೋಡಿಕೊಳ್ಳುವವರಿಗೆ 14 ದಿನ, ಒಟ್ಟು 44 ದಿನದೊಳಗೆ ಬರಬೇಕು.

ಮಾರ್ಕೆಟ್‌ಪ್ಲೇಸ್ ವಿಷಯ. ಆಫೀಸ್ ಇನ್ಶೂರೆನ್ಸ್ ಹೋದದ್ದರಿಂದ ನಿಮಗೆ 60 ದಿನ, ಅಂದರೆ ಮೇ 30ರವರೆಗೆ, ಸೇರಲು ಅವಕಾಶ ಇದೆ. ಎಚ್-4 ಇದ್ದರೂ ಕೊಳ್ಳಬಹುದು. ಆದರೆ ಅದು ಹಿಂದಕ್ಕೆ ಹೋಗುವುದಿಲ್ಲ. ಈ ತಿಂಗಳು ಆರಿಸಿದರೆ ಮೇ 1ಕ್ಕೆ ಶುರು. ಬಸುರಾದದ್ದೇ ಸೇರಲು ಕಾರಣ ಅಂತ ತುಂಬಾ ಜನ ಸುಮ್ನೆ ಕಾಯುತ್ತಾರೆ. ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಹೌದು, ಟೆಕ್ಸಾಸ್‌ನಲ್ಲಿ ಅಲ್ಲ. ಮೇ 30 ದಾಟಿದರೆ ಮಗು ಹುಟ್ಟುವವರೆಗೆ ಅಥವಾ ಇನ್ನೊಂದು ಬದಲಾವಣೆ ಬರುವವರೆಗೆ ಆ ಬಾಗಿಲು ತೆರೆಯುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಜನವರಿಯಿಂದ ನೀವು ಡಿಡಕ್ಟಬಲ್‌ಗೆ, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ನಾವೇ ಕಟ್ಟಬೇಕಾದ ಮೊತ್ತಕ್ಕೆ, ಎಷ್ಟು ಕಟ್ಟಿದ್ದೀರಿ? ಕೋಬ್ರಾದಲ್ಲಿ ಅದು ಹಾಗೇ ಉಳಿಯುತ್ತದೆ. ಹೊಸ ಪ್ಲಾನ್‌ಗೆ ಹೋದರೆ ಸೊನ್ನೆಯಿಂದ ಶುರು.

ಹಸಿರುಗಾಜು

ಮೆಡಿಕೇಡ್ ಬಗ್ಗೆ ನಾನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನನ್ನ ಎರಡನೇ ಮಗಳು ಮೆಡಿ-ಕ್ಯಾಲ್‌ನಲ್ಲೇ ಹುಟ್ಟಿದ್ದು, ಅಲ್ಲಿ ಮೆಡಿಕೇಡ್‌ಗೆ ಆ ಹೆಸರು. ಮೊದಲು ತುಂಬಾ ಸಂಕೋಚ ಪಟ್ಟಿದ್ದೆ. ಈ ದೇಶದಲ್ಲಿ ನೂರಕ್ಕೆ 40ರಷ್ಟು ಹೆರಿಗೆಗೆ ದುಡ್ಡು ಕೊಡುವುದು ಮೆಡಿಕೇಡೇ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಸೇರುವ ಸೀಸನ್ ಅಂತ ಇಲ್ಲ, ವರ್ಷವಿಡೀ ಅರ್ಜಿ ತಗೊಳ್ಳುತ್ತಾರೆ. ಮನೆಯ ಜನ ಎಣಿಸುವಾಗ ಹೊಟ್ಟೆಯಲ್ಲಿರುವ ಮಗುವನ್ನೂ ಎಣಿಸುತ್ತಾರೆ.

ನಿಮ್ಮ ರಾಜ್ಯದ ನಿಯಮ ಬೇರೆ. ಟೆಕ್ಸಾಸ್‌ನಲ್ಲಿ ಚಿಪ್ ಪೆರಿನೇಟಲ್ ಅಂತ ಇದೆ. ಹುಟ್ಟಲಿರುವ ಮಗುವಿನ ಹೆಸರಲ್ಲಿ ಸಿಗುವ ಕವರ್ ಅದು. ಅಲ್ಲಿ ತಾಯಿಯ ವೀಸಾ ಮುಖ್ಯ ಅಲ್ಲ, ಆದಾಯ ಮುಖ್ಯ. ಬೇರೆ ಇನ್ಶೂರೆನ್ಸ್ ಇರಬಾರದು. 211 ಸಹಾಯವಾಣಿಗೆ ಫೋನ್ ಮಾಡಿ, ವಿವರ ಹೇಳುತ್ತಾರೆ.

ಗ್ರೀನ್ ಕಾರ್ಡ್ ಭಯಕ್ಕೆ. ಸರ್ಕಾರದ ನೆರವನ್ನೇ ನೆಚ್ಚಿಕೊಳ್ಳುವವರಿಗೆ ಗ್ರೀನ್ ಕಾರ್ಡ್ ಬೇಡ ಅನ್ನುವ ಪಬ್ಲಿಕ್ ಚಾರ್ಜ್ ನಿಯಮವನ್ನು 2019ರಲ್ಲಿ ಬಿಗಿ ಮಾಡಿದಾಗಲೂ ಬಸುರಿಯರ ಮೆಡಿಕೇಡನ್ನು ಲೆಕ್ಕದಿಂದ ಹೊರಗೇ ಇಟ್ಟಿದ್ದರು. 2022ರ ನಿಯಮ ಅದಕ್ಕಿಂತ ಸಡಿಲ. ಆದರೂ ಇದು ಸರ್ಕಾರ ಬದಲಾದ ಹಾಗೆ ಬದಲಾಗುವ ವಿಷಯ. ನಿಮ್ಮ ಇಮಿಗ್ರೇಷನ್ ವಕೀಲರಿಗೆ ಒಂದು ಇಮೇಲ್ ಹಾಕಿ ಬರೆದ ಉತ್ತರ ಇಟ್ಟುಕೊಳ್ಳಿ.

ಕಾಗೆಬಂಗಾರ

ಇದನ್ನು ಇಲ್ಲಿ ಹೇಳಬಹುದೋ ಇಲ್ಲವೋ, ಆದರೆ ಹೇಳುತ್ತೇನೆ. ನಮ್ಮದು ಹೆರಿಗೆ ಆದ ಮೇಲಿನ ಕಥೆ. ನಮಗೆ ಇನ್ಶೂರೆನ್ಸ್ ಚೆನ್ನಾಗಿಯೇ ಇತ್ತು. ಮಗ ಹುಟ್ಟಿ ಒಂಬತ್ತು ದಿನ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಎನ್‌ಐಸಿಯುನಲ್ಲಿದ್ದ. ಅಮ್ಮನ ಇನ್ಶೂರೆನ್ಸ್ ಇದೆಯಲ್ಲ, ಮಗುವಿಗೆ ತಾನಾಗಿಯೇ ಬರುತ್ತದೆ ಅಂದುಕೊಂಡೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಬರಲಿ, ಆಮೇಲೆ ಹೆಸರು ಸೇರಿಸೋಣ ಅಂತ ಕಾದೆ. 34ನೇ ದಿನ ಆಫೀಸಿಗೆ ಫೋನ್ ಮಾಡಿದೆ. ಗಡುವು 30 ದಿನ, ಮುಗಿದಿದೆ ಅಂದರು. ಮಾರ್ಕೆಟ್‌ಪ್ಲೇಸ್‌ನಲ್ಲಿ ಆದರೆ 60 ದಿನ, ನಮ್ಮದು ಆಫೀಸ್ ಪ್ಲಾನ್. ಒಂಬತ್ತು ದಿನದ ಬಿಲ್ಲನ್ನು ಮೂರು ವರ್ಷ ಕಂತಿನಲ್ಲಿ ಕಟ್ಟಿದೆ. ನಂಬರ್ ಇಲ್ಲದೆಯೂ ಸೇರಿಸಬಹುದಿತ್ತು, ನಾನು ಕೇಳಲೇ ಇಲ್ಲ. ತಂಗಿ, ಆಗಸ್ಟ್‌ನಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ಮಲ್ಲಿಗೆದಂಡೆ
ಏಪ್ರಿಲ್ 18

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಅಕ್ಕಾ, ಊಟ ಮಾಡಿದೆ.

ಅವತ್ತು ರಾತ್ರಿಯೇ ಇವರಿಗೆ ಹೇಳಿದೆ. ಆ ನಾಲ್ಕು ಮಡಿಕೆಯ ಹಾಳೆಯನ್ನೂ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಲ್ಯಾಪ್‌ಟಾಪ್ ಮುಚ್ಚಿ ಪಕ್ಕದಲ್ಲಿ ಬಂದು ಕೂತರು, ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಸೇರಿ ಹೊಂಗೆನೆರಳು ಅವರು ಬರೆದದ್ದನ್ನು ಎರಡು ಸಲ ಓದಿದೆವು.

ಪರೀಕ್ಷೆಯ ದಿನ ವಾಪಸ್ ಸಿಕ್ಕಿತು, ಅದೇ 24ಕ್ಕೆ.

ಆದರೆ ನೋಟಿಸ್ ಬಂದಿಲ್ಲ. ಫೆಬ್ರವರಿಯಲ್ಲಿ ಮನೆ ಬದಲಿಸಿದೆವು. ಇವರು ಆಫೀಸಿನಲ್ಲಿ ಹೊಸ ವಿಳಾಸ ಕೊಟ್ಟಿರಲಿಲ್ಲ. ಹಳೇ ಅಪಾರ್ಟ್‌ಮೆಂಟಿಗೆ ಹೋಗಿರಬಹುದು. ಈಗ ಏನು ಮಾಡುವುದು?

ಹೊಂಗೆನೆರಳು

ಇವತ್ತೇ ಹಳೇ ಅಪಾರ್ಟ್‌ಮೆಂಟಿನ ಆಫೀಸಿಗೆ ಹೋಗಿ ಕೇಳಿ. ಹೋಗದೆ ಕೂರಬೇಡಿ, ಯಾಕೆಂದರೆ ಗೊತ್ತಿದ್ದ ವಿಳಾಸಕ್ಕೆ ಅವರು ಪೋಸ್ಟ್ ಮಾಡಿದ್ದರೆ ಕಳಿಸಿದಂತೆಯೇ ಲೆಕ್ಕ. ನಿಮ್ಮ ಕೈಗೆ ಬಂತೋ ಇಲ್ಲವೋ ನೋಡುವುದಿಲ್ಲ, 60 ದಿನ ಓಡುತ್ತಿರುತ್ತದೆ. ಜೊತೆಗೆ ಹಳೇ ಕಂಪನಿಯ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ: ಯಾವತ್ತು ಕಳಿಸಿದಿರಿ, ಯಾವ ವಿಳಾಸಕ್ಕೆ, ಇನ್ನೊಂದು ಪ್ರತಿಯನ್ನು ಇಮೇಲ್‌ನಲ್ಲಿ ಕೊಡಿ ಅಂತ. ಫೋನ್‌ನಲ್ಲಿ ಮಾತಾಡಿದರೆ ಯಾರ ಜೊತೆ, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಿ. ಪೋಸ್ಟ್ ಆಫೀಸಿನಲ್ಲಿ ವಿಳಾಸ ಬದಲಾವಣೆಯನ್ನೂ ಹಾಕಿ.

ತುಂಗಾತೀರ

ಗಂಡನಿಗೆ ಹೇಳಿದ್ಯಲ್ಲ, ಅಷ್ಟು ಸಾಕು ನನಗೆ.

ಮಲ್ಲಿಗೆದಂಡೆ
ಏಪ್ರಿಲ್ 26

ನೋಟಿಸ್ ಸಿಕ್ಕಿತು! ಹಳೇ ಮನೆಯ ಮೇಲ್‌ಬಾಕ್ಸಿನಲ್ಲಿ ಹೊಸದಾಗಿ ಬಂದವರು ಪೇಪರ್‌ಗಳ ಜೊತೆ ಎತ್ತಿಟ್ಟಿದ್ದರು. ಜಾಹೀರಾತಿನ ಹಾಗಿದ್ದ ಸಾದಾ ಬಿಳಿ ಕವರ್. ಏಪ್ರಿಲ್ 5ಕ್ಕೆ ಕಳಿಸಿದ್ದಾರೆ, ಅಂದರೆ ಜೂನ್ 4ರವರೆಗೆ ಸಮಯ ಇದೆ. ಇಬ್ಬರಿಗೂ ಸೇರಿ 1,460 ಡಾಲರ್, ಒಬ್ಬರಿಗೆ 715. ಡಿಡಕ್ಟಬಲ್ 1,500 ಇತ್ತು, ಅದರಲ್ಲಿ 1,100 ಆಗಲೇ ಕಟ್ಟಿ ಆಗಿದೆ. ಹಾಗಾಗಿ ನನ್ನೊಬ್ಬಳಿಗೆ ಕೋಬ್ರಾ ಅಂತ ತೀರ್ಮಾನ ಮಾಡಿದೆವು. ಕೆಲಸ ಬಿಟ್ಟಾಗ ಕೊಟ್ಟ ಹಣದಿಂದಾಗಿ ಚಿಪ್‌ಗೆ ನಮ್ಮ ಆದಾಯ ಜಾಸ್ತಿ ಆಯಿತು.

24ಕ್ಕೆ ಪರೀಕ್ಷೆಗೂ ಹೋದೆ. 50 ಗ್ರಾಂ ಸಕ್ಕರೆಯ ಕಿತ್ತಳೆ ನೀರು ಕುಡಿಸಿ ಒಂದು ಗಂಟೆ ಬಿಟ್ಟು ರಕ್ತ ತಗೊಂಡರು. 152 ಬಂದಿದೆ. ಇವರ ಮಿತಿ 140. ಮೂರು ಗಂಟೆಯ ಪರೀಕ್ಷೆಗೆ ಬಾ ಅಂದಿದ್ದಾರೆ.

ಸೂಜಿಮಲ್ಲೆ

ಒಂದು ಗಂಟೆಯದು ಸೋಸುವ ಪರೀಕ್ಷೆ ಅಷ್ಟೇ. ಅದರಲ್ಲಿ ಏರಿದ್ದವರು ತುಂಬಾ ಜನ ಮೂರು ಗಂಟೆಯದರಲ್ಲಿ ಸರಿ ಇರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ನಾಲ್ಕು ಸಲ ರಕ್ತ ತಗೊಳ್ಳುತ್ತಾರೆ. ಒಬ್ಬರೇ ಹೋಗಬೇಡಿ, ಮುಗಿದ ತಕ್ಷಣ ತಿನ್ನಲು ಏನಾದರೂ ಇಟ್ಟುಕೊಳ್ಳಿ.

ಮಲ್ಲಿಗೆದಂಡೆ
ಮೇ 9

ಎರಡು ಸುದ್ದಿ. ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡು ನಂಬರ್ ಮೇಲೆ ಬಂದವು, ಬಸುರಿನ ಸಕ್ಕರೆ ಅಂತ ಹೇಳಿದ್ದಾರೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುತ್ತೇನೆ. ಸದ್ಯಕ್ಕೆ ಊಟ, ನಡಿಗೆಯಲ್ಲೇ ಹತೋಟಿಗೆ ಬಂದಿದೆ. ಅನ್ನ ಕಮ್ಮಿ ಮಾಡಿದ್ದೇನೆ. ನಾನು ಆ ಪರೀಕ್ಷೆ ಕ್ಯಾನ್ಸಲ್ ಮಾಡಿ ಸುಮ್ಮನೆ ಕೂತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ರಾತ್ರಿ ಅದೇ ಯೋಚನೆ ಬರುತ್ತದೆ.

ಇನ್ನೊಂದು, ಇವರಿಗೆ ಕೆಲಸ ಸಿಕ್ಕಿತು! ಹೊಸ ಕಂಪನಿ ಮೇ 3ಕ್ಕೆ ವೀಸಾ ಅರ್ಜಿ ಹಾಕಿತು, 6ಕ್ಕೆ ಸೇರಿದರು. ಅಲ್ಲಿನ ಇನ್ಶೂರೆನ್ಸ್ ಜೂನ್ 1ರಿಂದ. ಅಂದರೆ ಕೋಬ್ರಾ ಎರಡೇ ತಿಂಗಳು, 1,430 ಡಾಲರ್. ಕಟ್ಟಿದೆವು. ಏಪ್ರಿಲ್ 24ರ ಬಿಲ್ಲನ್ನು ಕ್ಲಿನಿಕ್‌ನವರು ಈಗ ಇನ್ಶೂರೆನ್ಸ್‌ಗೆ ಕಳಿಸುತ್ತಾರಂತೆ.

ಹೊಸ ಪ್ಲಾನ್‌ನಲ್ಲಿ ನಮ್ಮ ಡಾಕ್ಟರ್ ನೆಟ್‌ವರ್ಕ್‌ನಲ್ಲಿ, ಅಂದರೆ ಅವರ ಜೊತೆ ಒಪ್ಪಂದ ಇರುವ ಡಾಕ್ಟರ್‌ಗಳ ಪಟ್ಟಿಯಲ್ಲಿ, ಇಲ್ಲ ಅಂತ ತೋರಿಸುತ್ತಿದೆ. ಏಳನೇ ತಿಂಗಳಲ್ಲಿ ಡಾಕ್ಟರ್ ಬದಲಿಸಬೇಕಾ?

ಎರಡುಗೆರೆ

ನಾನು ಹೆರಿಗೆ ಡಾಕ್ಟರೊಬ್ಬರ ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಎರಡು ಮಾತು.

ಹೊಸ ಇನ್ಶೂರೆನ್ಸ್‌ಗೆ ಫೋನ್ ಮಾಡಿ ಟ್ರಾನ್ಸಿಷನ್ ಆಫ್ ಕೇರ್ ಫಾರ್ಮ್ ಕೇಳಿ. ಬಸುರು ಮುಂದುವರಿದಿದ್ದರೆ ಹಳೇ ಡಾಕ್ಟರ್ ಹತ್ತಿರವೇ ನೆಟ್‌ವರ್ಕ್ ರೇಟಿನಲ್ಲಿ ಹೆರಿಗೆ ಮುಗಿಸಲು ಅದರಿಂದ ಬಿಡುವುದುಂಟು. ಒಂದು ಪುಟವನ್ನು ಡಾಕ್ಟರ್ ತುಂಬಬೇಕು. ಜೂನ್ 1 ಬರುವ ಮುಂಚೆಯೇ ಕೊಡಿ. ನಿಮ್ಮದು ಸಕ್ಕರೆ ಇರುವ ಬಸುರು ಅಂತ ಅದರಲ್ಲಿ ಬರೆಸಿ.

ಎರಡನೆಯದು. ತಿಂಗಳ ಚೆಕಪ್, ಹೆರಿಗೆ, ಹೆರಿಗೆ ನಂತರದ ಭೇಟಿ ಎಲ್ಲ ಸೇರಿಸಿ ಒಂದೇ ಬಿಲ್ ಮಾಡುವುದು ನಮ್ಮಲ್ಲಿ ರೂಢಿ, ಗ್ಲೋಬಲ್ ಅನ್ನುತ್ತೇವೆ. ಅದು ಹೆರಿಗೆ ಆದ ಮೇಲೆ ಹೋಗುತ್ತದೆ. ನಡುವೆ ಇನ್ಶೂರೆನ್ಸ್ ಬದಲಾದರೆ ಅದನ್ನು ಒಡೆದು, ಮೇವರೆಗಿನ ಭೇಟಿಗಳನ್ನು ಹಳೆಯದಕ್ಕೆ, ಜೂನ್‌ನಿಂದ ಹೊಸದಕ್ಕೆ ಕಳಿಸಬೇಕು. ಗಡಿಬಿಡಿಯಲ್ಲಿ ಇಡೀ ಬಿಲ್ಲನ್ನು ಹೊಸದಕ್ಕೆ ಕಳಿಸಿ, ಅವರು ಬೇಡ ಅಂದು, ಕೊನೆಗೆ ತಾಯಿಯ ಹೆಸರಿಗೆ ಬಂದದ್ದನ್ನು ನಾನೇ ಎಷ್ಟೋ ಸಲ ಸರಿ ಮಾಡಿದ್ದೇನೆ. ಮುಂದಿನ ಸಲ ಹೋದಾಗ ಬಿಲ್ಲಿಂಗ್‌ನವರನ್ನು ಕರೆಸಿ, ಮೇ 31ಕ್ಕೆ ಒಡೆಯಿರಿ ಅಂತ ಹೇಳಿ. ಎರಡೂ ಕಾರ್ಡ್‌ಗಳ ಪ್ರತಿ ಕೊಡಿ.

ಹೊಂಗೆನೆರಳು

ಜೂನ್ ತಿಂಗಳ ಕೋಬ್ರಾ ಕಟ್ಟುವ ಮುಂಚೆ ಹೊಸ ಕಾರ್ಡ್ ನಡೆಯುತ್ತಿದೆಯಾ ಅಂತ ನೋಡಿ. ಜೂನ್ ಕಂತಿಗೆ 30 ದಿನ ಹೆಚ್ಚಿಗೆ ಸಮಯ ಕೊಡುತ್ತಾರೆ. ಎಚ್‌ಆರ್‌ನವರು ಹೆಂಡತಿಯ ಹೆಸರು ಸೇರಿಸುವುದು ಮರೆತ ಕೇಸ್‌ಗಳಿವೆ.

ಮಲ್ಲಿಗೆದಂಡೆ
ಆಗಸ್ಟ್ 11

ಮಗಳು ಹುಟ್ಟಿದಳು. ಆಗಸ್ಟ್ 1ಕ್ಕೆ ನೋವು ಬರಿಸಿದರು, 2ರ ಬೆಳಗಿನ ಜಾವ ಸಿಸೇರಿಯನ್ ಆಯಿತು. 3 ಕೆಜಿ 100 ಗ್ರಾಂ. ಹುಟ್ಟಿದ ದಿನ ಎರಡೆರಡು ಗಂಟೆಗೊಮ್ಮೆ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಿದ್ದರು. ಪ್ರತಿ ಸಲ ನಾನೂ ಅವಳ ಜೊತೆ ಅತ್ತೆ. ಎಲ್ಲ ಸರಿ ಇತ್ತು.

ಡಾಕ್ಟರ್ ಅವರೇ ಇದ್ದರು. ಫಾರ್ಮ್ ಮೊದಲು ವಾಪಸ್ ಬಂತು, ಒಂದು ಸಹಿ ಬಿಟ್ಟುಹೋಗಿತ್ತು. ಎರಡನೇ ಸಲ ಒಪ್ಪಿದರು. ಮೂರನೇ ದಿನ ಮನೆಗೆ ಹೋಗುತ್ತೀರಾ ಅಂತ ಕೇಳಿದರು. ಸಿಸೇರಿಯನ್ ಆದರೆ 96 ಗಂಟೆವರೆಗೆ ಇನ್ಶೂರೆನ್ಸ್ ಇರಗೊಡಬೇಕು ಅಂತ 1996ರಿಂದ ಕಾನೂನೇ ಇದೆಯಂತೆ, ಪಕ್ಕದ ಹಾಸಿಗೆಯ ಅಜ್ಜಿ ಹೇಳಿದರು. ಇನ್ನೊಂದು ದಿನ ಇದ್ದೆ.

ಕಾಗೆಬಂಗಾರ

ಮಗಳಿಗೆ ಒಳ್ಳೆಯದಾಗಲಿ. ಹೆಸರು ಸೇರಿಸಿದ್ರಾ?

ಮಲ್ಲಿಗೆದಂಡೆ

ಅಣ್ಣಾ, ಆರನೇ ದಿನವೇ. ಆಸ್ಪತ್ರೆಯವರು ಕೊಟ್ಟ ಹುಟ್ಟಿದ ಪತ್ರ ಇಟ್ಟು ಇವರು ಎಚ್‌ಆರ್‌ಗೆ ಕಳಿಸಿದರು. ಸೋಷಿಯಲ್ ಸೆಕ್ಯುರಿಟಿ ನಂಬರ್ ಜಾಗದಲ್ಲಿ ಇನ್ನೂ ಬಂದಿಲ್ಲ ಅಂತ ಬರೆದೆವು. ನಿನ್ನೆ ಉತ್ತರ ಬಂತು, ಆಗಸ್ಟ್ 2ರಿಂದಲೇ ಕವರ್ ಅಂತ. ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿದ್ದೇನೆ.

ತುಂಗಾತೀರ

ನಿನ್ನ ಸಕ್ಕರೆ ಪರೀಕ್ಷೆ ಇನ್ನೊಂದು ಸಲ ಮಾಡುತ್ತಾರೆ, ಆರು ವಾರ ಆದ ಮೇಲೆ. ಅದನ್ನು ಬಿಡಬೇಡ. ಬಾಣಂತನಕ್ಕೆ ಯಾರಿದ್ದಾರೆ?

ಮಲ್ಲಿಗೆದಂಡೆ

ಸೆಪ್ಟೆಂಬರ್ 16ಕ್ಕೆ ಬರೆಸಿಕೊಂಡಿದ್ದೇನೆ ಅಕ್ಕಾ. ಅಮ್ಮ ಬಂದಿದ್ದಾರೆ.